ಬಾಡಿಗೆ ಮನೆ ಬಿಡುವಾಗ ಕಂದಾಯ ಯಾರ ಲೆಕ್ಕಕ್ಕೆ?

ಪ್ರಶ್ನೆ: ಬೆಂಗಳೂರಿನಲ್ಲಿದ್ದೇವೆ. ಸೆಪ್ಟೆಂಬರಿಗೆ ಮನೆ ಖಾಲಿ ಮಾಡುತ್ತಿದ್ದೇವೆ. ಅರ್ಧ ವರ್ಷದ ಕಂದಾಯವನ್ನು ಅಡ್ವಾನ್ಸ್‌ನಲ್ಲಿ ಮುರಿದುಕೊಳ್ಳುತ್ತೇನೆ ಅನ್ನುತ್ತಿದ್ದಾರೆ ಓನರ್. ಹೊಸ ಮನೆಗೂ ಕಟ್ಟಬೇಕಾ?

ಮತ್ತೆ ಅದೇ ಪ್ರಶ್ನೆ, ಮತ್ತೆ ಅದೇ ಉತ್ತರ: ಎರಡಕ್ಕೂ ಬೇಡ. ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಆಸ್ತಿ ತೆರಿಗೆ ಖಾತೆದಾರರ, ಅಂದರೆ ಪಾಲಿಕೆಯ ಆಸ್ತಿ ದಾಖಲೆಯಲ್ಲಿ (ಖಾತೆ) ಹೆಸರಿರುವವರ, ಹೆಸರಿಗೆ ಬರುತ್ತದೆ. ಬಾಡಿಗೆದಾರರು ಯಾವ ತಿಂಗಳು ಬಂದರು, ಯಾವಾಗ ಹೋದರು ಎಂಬ ಲೆಕ್ಕ ಪಾಲಿಕೆಗೆ ಬೇಕಿಲ್ಲ. 2008ರಲ್ಲಿ ಬಂದ ಪದ್ಧತಿಯಲ್ಲಿ ಬಾಡಿಗೆಗೆ ಕೊಟ್ಟ ಭಾಗಕ್ಕೆ ಸ್ವಂತ ವಾಸದ ಎರಡು ಪಟ್ಟು ದರ. ಓನರ್ ಹೊಟ್ಟೆಯುರಿ ಅರ್ಥವಾಗುತ್ತದೆ, ಆದರೂ ಕಟ್ಟಬೇಕಾದವರು ಅವರೇ. ಕಂದಾಯ ಬಾಡಿಗೆದಾರರದು ಎಂಬ ಕರಾರಿಗೆ ನೀವೇ ಸಹಿ ಹಾಕಿದ್ದರೆ ಮಾತ್ರ ಮಾತು ಬೇರೆ. ನಿಮ್ಮ ಪಾಲಿನದು ಕರೆಂಟು, ನೀರು, ಮೇಂಟೆನೆನ್ಸ್. ಕೀ ಕೊಡುವ ದಿನ ಮೀಟರಿನ ಫೋಟೊ ತೆಗೆದು ಓನರ್‌ಗೆ ಕಳಿಸಿ. ಕೊನೆಯ ಬಿಲ್ಲು ಬರುವುದು ನೀವು ಹೋದ ಮೇಲೆ, ಜಗಳ ಶುರುವಾಗುವುದೂ ಅಲ್ಲೇ.

ಇನ್ನು ಆ ಸಾಯದ ನಂಬಿಕೆ: "ಹನ್ನೆರಡು ವರ್ಷ ಇದ್ದು ಕಂದಾಯವನ್ನೂ ಕಟ್ಟಿಬಿಟ್ಟರೆ ಮನೆ ಬಾಡಿಗೆದಾರನದೇ." ಆಗುವುದಿಲ್ಲ. ದಾವೆ ಹೂಡಲು ಗಡುವು ಹಾಕುವ 1963ರ ಲಿಮಿಟೇಶನ್ ಕಾಯ್ದೆಯಲ್ಲಿ 12 ವರ್ಷದ ಮಾತು ಇರುವುದು ನಿಜ. ಆದರೆ ಅದು ಮಾಲೀಕನ ಹಕ್ಕಿಗೆ ಎದುರಾಗಿ, ರಾಜಾರೋಷವಾಗಿ ಸ್ವಾಧೀನ ಇಟ್ಟುಕೊಂಡವನಿಗೆ. ನೀವು ಒಳಗೆ ಬಂದದ್ದೇ ಓನರ್ ಕೈಯಿಂದ ಕೀ ಇಸಕೊಂಡು. ತಿಂಗಳು ತಿಂಗಳು ಬಾಡಿಗೆ ಹಾಕುತ್ತಾ 'ಮನೆ ನಿಮ್ಮದು' ಎಂದು ಒಪ್ಪಿಕೊಳ್ಳುತ್ತಲೇ ಇದ್ದೀರಿ. ಬಾಡಿಗೆದಾರನಾಗಿರುವಷ್ಟು ಕಾಲ, ಮನೆ ಕೊಟ್ಟವನ ಹಕ್ಕನ್ನು ಅಲ್ಲಗಳೆಯಲು ಸಾಕ್ಷ್ಯ ಕಾನೂನೂ ಬಿಡುವುದಿಲ್ಲ. ದುಡ್ಡು ಯಾರ ಯುಪಿಐನಿಂದ ಹೋದರೂ ರಸೀದಿಯಲ್ಲಿ ಬರುವುದು ಖಾತೆದಾರರ ಹೆಸರು. ಆ ಖಾತೆಯೇ ಮಾಲೀಕತ್ವದ ಪತ್ರವಲ್ಲ, ಇನ್ನು ಕಂದಾಯದ ರಸೀದಿ ಯಾವ ಲೆಕ್ಕ? ಅಷ್ಟೇ ಅಲ್ಲ, ಬಾಡಿಗೆ ಆದಾಯದಲ್ಲಿ ಈ ತೆರಿಗೆ ಕಳೆದು ತೋರಿಸಬೇಕಾದರೆ ಓನರ್ ತಾವೇ, ಆ ವರ್ಷದಲ್ಲೇ ಕಟ್ಟಿರಬೇಕು. ನಿಮ್ಮಿಂದ ಕಟ್ಟಿಸಿದರೆ ಅವರಿಗೇ ನಷ್ಟ.

ಯಾರೂ ಕೇಳದಿದ್ದರೂ ಇದನ್ನೂ ಹೇಳಿಬಿಡುತ್ತೇನೆ: ಕರಾರು 11 ತಿಂಗಳಿಗೇ ಯಾಕೆ? ಮನೆ ಕೈಬಿಟ್ಟುಹೋಗುತ್ತದೆಂಬ ಭಯಕ್ಕಲ್ಲ. 1908ರ ನೋಂದಣಿ ಕಾಯ್ದೆ ಪ್ರಕಾರ ಒಂದು ವರ್ಷ ಮೀರಿದ ಕರಾರನ್ನು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಬೇಕು. ಆ ಖರ್ಚು, ಓಡಾಟ ತಪ್ಪಿಸಲು 11. ಅವಧಿ ಮುಗಿದ ಮೇಲೂ ಓನರ್ ಬಾಡಿಗೆ ಇಸಕೊಳ್ಳುತ್ತಿದ್ದರೆ ಅದು ತಿಂಗಳ ಬಾಡಿಗೆಯಾಗಿ ಮುಂದುವರಿಯುತ್ತದೆ. ಕರಾರಿನಲ್ಲಿ ಬೇರೆ ಬರೆಯದಿದ್ದರೆ ಬಿಡಲು 15 ದಿನದ ನೋಟಿಸ್ ಸಾಕು.