ಟ್ರಯಲ್ ತೆಗೆದುಕೊಂಡವರು ಎರಡನೇ ದಿನ ಯಾಕೆ ಬರುವುದಿಲ್ಲ?

ಪ್ರಶ್ನೆ: ಚಿಕ್ಕಮಗಳೂರಿನಲ್ಲಿ ನಾವು ಕೆಲವರು ಸೇರಿ ಕಾಫಿ ತೋಟಗಳ ಹಾಜರಿ ಮತ್ತು ಬಟವಾಡೆ (ಕೂಲಿ ಪಾವತಿ) ಲೆಕ್ಕಕ್ಕೆ ಸಾಫ್ಟ್‌ವೇರ್ ಮಾಡಿದ್ದೇವೆ. 14 ದಿನ ಉಚಿತ. ನೋಂದಣಿ ಚೆನ್ನಾಗಿಯೇ ಆಗುತ್ತಿದೆ. ಆದರೆ ಹೆಚ್ಚಿನವರು ಒಮ್ಮೆ ತೆರೆದು ನೋಡಿ ಮತ್ತೆ ಬರುವುದೇ ಇಲ್ಲ. ಹೊಸಬರಿಗೆ ಎಲ್ಲವನ್ನೂ ತೋರಿಸಿಕೊಡುವ ವಿಡಿಯೋ ಮಾಡಬೇಕಾ?

ಉತ್ತರ: ವಿಡಿಯೋ ವಿಷಯ ಆಮೇಲೆ ನೋಡೋಣ. ಮೊದಲು ಇದನ್ನು ಹೇಳಿ. ನಿಮ್ಮಲ್ಲಿ ನೋಂದಾಯಿಸುವವರು ಯಾರು? ತೋಟದ ಮಾಲೀಕರು. ಇಲ್ಲವೇ ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಅವರ ಮಗ ಅಥವಾ ಮಗಳು. ಆದರೆ ದಿನಾ ಚೆಕ್‌ರೋಲ್ (ಹಾಜರಿ, ಕೂಲಿಯ ಪುಸ್ತಕ) ಬರೆಯುವುದು ತೋಟದ ರೈಟರ್, ಅಂದರೆ ಲೆಕ್ಕದ ಗುಮಾಸ್ತರು, ಅಲ್ವಾ? ನಿಮ್ಮ ಸಾಫ್ಟ್‌ವೇರ್ ಅವರ ಕೈಗೆ ತಲುಪುವ ಮೊದಲೇ ಟ್ರಯಲ್ ಮುಗಿದುಹೋಗಿರುತ್ತದೆ.

ಆದ್ದರಿಂದ ನೋಂದಣಿ ಆದ ತಕ್ಷಣ ಕೇಳಬೇಕಾದ ಪ್ರಶ್ನೆ ಒಂದೇ: "ಹಾಜರಿ ಬರೆಯುವವರ ವಾಟ್ಸಾಪ್ ನಂಬರ್ ಕೊಡಿ." ಆ ನಂಬರಿಗೆ ಕನ್ನಡದಲ್ಲಿ ಒಂದು ಲಿಂಕ್ ಹೋಗಲಿ. ಒತ್ತಿದರೆ ನೇರ ಇವತ್ತಿನ ಹಾಜರಿಯ ಪುಟ ತೆರೆಯಲಿ. ಎಸ್‌ಎಂಎಸ್ ಒಟಿಪಿಯನ್ನೇ ನಂಬಿಕೊಳ್ಳಬೇಡಿ. ಮೂಡಿಗೆರೆ, ಕಳಸದ ಕಡೆ ಎಷ್ಟೋ ತೋಟಗಳಲ್ಲಿ ಮನೆಯಲ್ಲಿ ವೈಫೈ ಇರುತ್ತದೆ, ಮೊಬೈಲ್ ಸಿಗ್ನಲ್ ಇರುವುದಿಲ್ಲ. ಒಟಿಪಿ ಬರುವುದೇ ಇಲ್ಲ. ಆಸಕ್ತಿ ಇಲ್ಲದೆ ಹೋದರು ಅಂತ ನೀವು ಅಂದುಕೊಂಡವರಲ್ಲಿ ಕೆಲವರು ಬಾಗಿಲಲ್ಲೇ ನಿಂತಿರಬಹುದು.

ಇನ್ನು ಒಳಗೆ ಬಂದವರಿಗೆ ಏನು ಕಾಣುತ್ತದೆ? ತೋಟದ ವಿಸ್ತೀರ್ಣ, ಬ್ಲಾಕುಗಳ ಹೆಸರು, ಜಿಎಸ್‌ಟಿ ನಂಬರ್, ಬ್ಯಾಂಕ್ ಖಾತೆ ಕೇಳುವ ಫಾರಂ. ಅದರಾಚೆ ಒಂದು ಖಾಲಿ ಪಟ್ಟಿ. ಮೊದಲ ಬಟವಾಡೆಗೆ ಇಷ್ಟೆಲ್ಲಾ ಬೇಕಾ? ಕೆಲಸದವರ ಹೆಸರು, ದಿನಗೂಲಿ, ಹಾಜರಿ, ಕೊಟ್ಟ ಅಡ್ವಾನ್ಸ್. ಇಷ್ಟಿದ್ದರೆ ಸಾಕು. ಉಳಿದದ್ದನ್ನು ಬೇಕಾದಾಗ ಕೇಳಿ. ಕಾರ್ಡ್ ವಿವರವನ್ನಂತೂ ಮೊದಲ ದಿನ ಕೇಳಲೇಬೇಡಿ. ದುಡ್ಡು ತಾನಾಗಿ ಕಟ್ ಆಗುತ್ತದೇನೋ ಅನ್ನುವ ಹೆದರಿಕೆ ಬಂದರೆ ಆ ಮನುಷ್ಯ ಮುಂದಿನದನ್ನು ನೋಡುವುದಿಲ್ಲ.

ಆ ನಾಲ್ಕು ವಿವರ ತುಂಬುವುದೂ ಹೊಸಬರಿಗೆ ಬೇಸರದ ಕೆಲಸವೇ. ಇಲ್ಲಿ ನೀವೇ ಕೈ ಹಾಕಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. "ಕಳೆದ ವಾರದ ಚೆಕ್‌ರೋಲ್ ಪುಟದ ಫೋಟೋ ಕಳಿಸಿ, ನಾವು ತುಂಬಿಸಿಕೊಡುತ್ತೇವೆ" ಎನ್ನಿ. ಮರುದಿನ ರೈಟರ್ ತೆರೆದಾಗ ತಮ್ಮದೇ ತೋಟದವರ ಹೆಸರು, ತಮ್ಮದೇ ವಾರದ ಲೆಕ್ಕ ಕಾಣಬೇಕು. ಒಟ್ಟು ಮೊತ್ತ ಪುಸ್ತಕದ್ದಕ್ಕೆ ತಾಳೆಯಾದರೆ ನಂಬಿಕೆ ಬರುತ್ತದೆ. ತಾಳೆಯಾಗದಿದ್ದರೆ ಇನ್ನೂ ಒಳ್ಳೆಯದು, ಯಾಕೆಂದು ಕೇಳಿ. ಅರ್ಧ ದಿನದ ಕೂಲಿಯನ್ನು ಆ ತೋಟದಲ್ಲಿ ಬೇರೆ ಥರ ಹಾಕುತ್ತಿರಬಹುದು. ಅಡ್ವಾನ್ಸನ್ನು ಒಂದೇ ಸಲ ಹಿಡಿಯದೆ ವಾರ ವಾರ ಸ್ವಲ್ಪ ಸ್ವಲ್ಪ ಹಿಡಿಯುತ್ತಿರಬಹುದು. ಆಫೀಸಲ್ಲಿ ಕೂತು ಯೋಚಿಸಿದರೆ ಇದು ಗೊತ್ತಾಗುವುದಿಲ್ಲ. ಎಲ್ಲ ತೋಟಗಳಿಗೂ ಹೀಗೆ ಮಾಡಲು ಆಗುವುದಿಲ್ಲ, ನಿಜ. ಮೊದಲ ಕೆಲವು ಗ್ರಾಹಕರಿಗೆ ಮಾಡಿದರೆ ಸಾಕು. ಮುಂದಿನವರಿಗೆ ಎಲ್ಲಿ ಕಷ್ಟವಾಗುತ್ತದೆ ಅನ್ನುವುದು ಅಷ್ಟರಲ್ಲಿ ತಿಳಿದಿರುತ್ತದೆ.

ಒಂದು ಎಚ್ಚರಿಕೆ. ಆ ಫೋಟೋದಲ್ಲಿ ಬೇರೆಯವರ ಹೆಸರು, ಕೂಲಿ, ಸಾಲ ಎಲ್ಲ ಇರುತ್ತದೆ. ತುಂಬಿಸಿದ ಮೇಲೆ ಅಳಿಸಿಬಿಡಿ, ಅಳಿಸಿದ್ದನ್ನು ಅವರಿಗೂ ತಿಳಿಸಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಆಶಯವೂ ಇದೇ: ಯಾವ ಕೆಲಸಕ್ಕೆ ಪಡೆದಿರೋ ಅದಕ್ಕೆ ಮಾತ್ರ ಬಳಸಬೇಕು, ಕೆಲಸ ಮುಗಿದ ಮೇಲೆ ಇಟ್ಟುಕೊಳ್ಳಬಾರದು.

14 ದಿನ ಅನ್ನುವ ಲೆಕ್ಕವೂ ನನಗೆ ಸರಿ ಕಾಣುವುದಿಲ್ಲ. ವಾರಕ್ಕೊಮ್ಮೆ ಬಟವಾಡೆ ಮಾಡುವ ತೋಟಕ್ಕೆ ಅದರಲ್ಲಿ ಸಿಗುವುದು ಎರಡೇ ಬಟವಾಡೆ. ಮೊದಲನೆಯದು ಕಲಿಯುವುದರಲ್ಲೇ ಹೋಗುತ್ತದೆ. "ಮೂರು ಬಟವಾಡೆವರೆಗೆ ಉಚಿತ" ಅಂತ ಬದಲಿಸಿ, ಲೆಕ್ಕವನ್ನು ಮೊದಲ ಹಾಜರಿ ಹಾಕಿದ ದಿನದಿಂದ ಶುರು ಮಾಡಿ. ಸಮಯವನ್ನೂ ನೋಡಿಕೊಳ್ಳಿ. ನವೆಂಬರ್, ಡಿಸೆಂಬರಿನಲ್ಲಿ ಅರೇಬಿಕಾ ಕೊಯ್ಲು, ಅದು ಮುಗಿಯುವಷ್ಟರಲ್ಲಿ ರೋಬಸ್ಟಾ. ಹಣ್ಣು ತೂಗಿ ಕೆಜಿ ಲೆಕ್ಕದಲ್ಲಿ ಕೂಲಿ ಹಾಕುವ ಗಡಿಬಿಡಿಯಲ್ಲಿ ಹೊಸದನ್ನು ಕಲಿಯಲು ಯಾರಿಗೂ ಪುರುಸೊತ್ತಿರುವುದಿಲ್ಲ. ಆದರೆ ಸಾಫ್ಟ್‌ವೇರ್ ಜಾಸ್ತಿ ಬೇಕಾಗುವುದೂ ಆಗಲೇ. ಸೆಪ್ಟೆಂಬರ್, ಅಕ್ಟೋಬರಿನಲ್ಲೇ ಟ್ರಯಲ್ ಶುರು ಮಾಡಿಸಿದರೆ ಕೊಯ್ಲಿನ ಹೊತ್ತಿಗೆ ಕೈ ಪಳಗಿರುತ್ತದೆ.

"ನಿಮ್ಮ ಟ್ರಯಲ್ ಮುಗಿಯಲು 3 ದಿನ ಬಾಕಿ" ಅಂತ ಸುಮ್ನೆ ಮೆಸೇಜು ಕಳಿಸುವುದನ್ನು ಬಿಡಿ. "ಬುಧವಾರದ ಹಾಜರಿ ಬಾಕಿ ಇದೆ, ಹಾಕಿದರೆ ಬಟವಾಡೆ ಪಟ್ಟಿ ಸಿದ್ಧ" ಅನ್ನಿ, ಅದು ಅವರ ಕೆಲಸಕ್ಕೆ ಬರುತ್ತದೆ. ಎಷ್ಟು ಮಂದಿ ನೋಂದಾಯಿಸಿದರು ಅನ್ನುವುದಕ್ಕಿಂತ ಎಷ್ಟು ತೋಟಗಳು ಮೊದಲ ಬಟವಾಡೆ ಪಟ್ಟಿ ತೆಗೆದವು ಅನ್ನುವುದನ್ನು ಪ್ರತಿ ವಾರ ಬರೆದಿಡಿ. ಟ್ರಯಲ್ ಮುಗಿದ ಮೇಲೂ ಹಳೆಯ ಲೆಕ್ಕವನ್ನು ನೋಡಲು, ಎಕ್ಸೆಲ್‌ನಲ್ಲಿ ಇಳಿಸಿಕೊಳ್ಳಲು ಬಿಡಿ. ಅದು ಅವರದೇ ಲೆಕ್ಕ.

ಈಗ ವಿಡಿಯೋ. ಎಲ್ಲವನ್ನೂ ತೋರಿಸುವ ಉದ್ದದ ವಿಡಿಯೋವನ್ನು ಯಾರೂ ಕೊನೆವರೆಗೆ ನೋಡುವುದಿಲ್ಲ. ಯಾರಾದರೂ ಒಬ್ಬ ರೈಟರ್ ಪಕ್ಕ ಕೂತು, ಬಾಯಿ ಬಿಡದೆ, ಅವರು ಎಲ್ಲಿ ನಿಲ್ಲುತ್ತಾರೆ ನೋಡಿ. ನನ್ನ ಊಹೆ, ಅಡ್ವಾನ್ಸ್ ಕಳೆಯುವ ಕಡೆ. ಹಾಗಾದರೆ ಅದಕ್ಕೊಂದು ನಿಮಿಷದೊಳಗಿನ ವಿಡಿಯೋ ಮಾಡಿ, ಕನ್ನಡದಲ್ಲಿ, ಅದೇ ಪುಟದಲ್ಲಿ ಇಡಿ.