ಕೊರಿಯಾದ ಅಂತರರಾಷ್ಟ್ರೀಯ ದತ್ತು: ಯುದ್ಧ ಮುಗಿದ ಮೇಲೂ ಮಕ್ಕಳು ಯಾಕೆ ಹೊರಟರು?

ಈ ವಿಷಯ ಓದಲು ಶುರು ಮಾಡುವವರು ಮೊದಲು ಒಂದು ಇಸವಿ ನೆನಪಿಟ್ಟುಕೊಳ್ಳಿ: 1985. ದಕ್ಷಿಣ ಕೊರಿಯಾದಿಂದ ಅತಿ ಹೆಚ್ಚು ಮಕ್ಕಳು ಹೊರದೇಶಕ್ಕೆ ದತ್ತು ಹೋಗಿದ್ದು ಆ ವರ್ಷ. ಸರ್ಕಾರದ ಲೆಕ್ಕದಲ್ಲೇ 8,837 ಮಕ್ಕಳು. ಆ ವರ್ಷ ಇಡೀ ದೇಶದಲ್ಲಿ ಹುಟ್ಟಿದ್ದು ಸುಮಾರು ಆರೂವರೆ ಲಕ್ಷ ಮಕ್ಕಳು, ಅದಕ್ಕೆ ಹೋಲಿಸಿದರೆ ನೂರಕ್ಕೆ ಒಂದಕ್ಕಿಂತ ಜಾಸ್ತಿ ಆಯಿತು. ಕೊರಿಯಾ ಯುದ್ಧದ ಗುಂಡಿನ ಸದ್ದು ನಿಂತಿದ್ದು 1953ರಲ್ಲಿ. ನಡುವೆ 32 ವರ್ಷ ಕಳೆದಿವೆ. ಅಷ್ಟರಲ್ಲಿ ದೇಶ ಹಡಗು, ಉಕ್ಕು, ಟಿವಿ, ಕಾರು ಎಲ್ಲ ತಯಾರಿಸುತ್ತಿತ್ತು, 1988ರ ಒಲಿಂಪಿಕ್ಸ್ ನಡೆಸುವ ಹಕ್ಕನ್ನೂ ಗೆದ್ದಿತ್ತು.

‘ಯುದ್ಧದಲ್ಲಿ ಅನಾಥರಾದ ಮಕ್ಕಳನ್ನು ದಯಾಳು ವಿದೇಶಿಯರು ಸಾಕಿದರು’ ಅನ್ನುವ ಕಥೆ ನಾವೆಲ್ಲ ಎಲ್ಲೋ ಕೇಳಿಯೇ ಇರುತ್ತೇವೆ. ಆ ಕಥೆ ಮೊದಲ ಕೆಲವು ವರ್ಷಗಳಿಗೆ ಮಾತ್ರ, ಅದೂ ಅರ್ಧಂಬರ್ಧ ಹೊಂದುತ್ತದೆ. ದೇಶ ಶ್ರೀಮಂತವಾಗುತ್ತಾ ಹೋದಂತೆ ಹೊರಟ ಮಕ್ಕಳ ಸಂಖ್ಯೆಯೂ ಏರುತ್ತಾ ಹೋಯಿತು. ಹಾಗಾಗಿ ಬಡತನ ಒಂದೇ ಉತ್ತರ ಆಗಲಾರದು. ಬೇರೆ ಕಾರಣ ಹುಡುಕಬೇಕು, ಅದು ಕಾನೂನಿನಲ್ಲಿದೆ, ಹಣದಲ್ಲಿದೆ, ಮದುವೆಯಾಗದೆ ತಾಯಿಯಾದ ಹೆಣ್ಣನ್ನು ಸಮಾಜ ನಡೆಸಿಕೊಂಡ ರೀತಿಯಲ್ಲಿದೆ.

ಶುರುವಾಗಿದ್ದು ಹೇಗೆ

ಮೊದಲ ಸುತ್ತಿನಲ್ಲಿ ಹೊರಟವರಲ್ಲಿ ಮುಖ್ಯವಾಗಿ ಇದ್ದವರು ಅಮೆರಿಕನ್ ಸೈನಿಕರಿಗೂ ಕೊರಿಯಾದ ಹೆಂಗಸರಿಗೂ ಹುಟ್ಟಿದ ಮಕ್ಕಳು. ಅವರಲ್ಲಿ ತುಂಬಾ ಜನರಿಗೆ ತಾಯಿ ಬದುಕಿದ್ದಳು. ಆದರೆ ಅಧ್ಯಕ್ಷ ಸಿಂಗ್‌ಮನ್ ರೀ ಸರ್ಕಾರಕ್ಕೆ ಅವರು ಕೊರಿಯಾದ ಮಕ್ಕಳಾಗಿ ಕಾಣಲಿಲ್ಲ. ಒಂದೇ ರಕ್ತದ ಜನಾಂಗ ಅನ್ನುವ ನಂಬಿಕೆ ಗಟ್ಟಿಯಾಗಿದ್ದ ಕಾಲ, ‘ಅಪ್ಪನ ದೇಶಕ್ಕೆ ಹೋಗಲಿ’ ಅನ್ನುವುದೇ ಆಗಿನ ನೀತಿ. 1954ರಲ್ಲಿ ಸರ್ಕಾರವೇ ಮುಂದೆ ನಿಂತು ಇದಕ್ಕಾಗಿ ಒಂದು ಸಂಸ್ಥೆ ಕಟ್ಟಿಸಿತು.

ಅದೇ ಹೊತ್ತಿಗೆ ಅಮೆರಿಕದ ಓರೆಗಾನ್ ರಾಜ್ಯದ ರೈತ ಹ್ಯಾರಿ ಹೋಲ್ಟ್ ಮತ್ತು ಅವರ ಹೆಂಡತಿ ಬರ್ತಾ 1955ರಲ್ಲಿ ಒಟ್ಟಿಗೆ 8 ಕೊರಿಯನ್ ಮಕ್ಕಳನ್ನು ದತ್ತು ತೆಗೆದುಕೊಂಡರು. ಅದಕ್ಕಾಗಿ ಅಮೆರಿಕದ ಸಂಸತ್ತು ವಿಶೇಷ ಕಾನೂನನ್ನೇ ಮಾಡಬೇಕಾಯಿತು. ಪತ್ರಿಕೆಗಳಲ್ಲಿ ಫೋಟೊ ಬಂದಿದ್ದೇ ತಡ, ನಮಗೂ ಒಂದು ಮಗು ಬೇಕು ಅನ್ನುವ ಪತ್ರಗಳು ರಾಶಿ ಬಿದ್ದವು. ಹೋಲ್ಟ್ ದಂಪತಿ ಭಕ್ತ ಕ್ರೈಸ್ತರು. ಮಗುವನ್ನು ಕಳಿಸುವ ಮನೆಯಲ್ಲಿ ಅವರು ಮುಖ್ಯವಾಗಿ ನೋಡಿದ್ದು ಧರ್ಮಶ್ರದ್ಧೆಯನ್ನು. ಮಕ್ಕಳ ಕಲ್ಯಾಣದ ವೃತ್ತಿಯಲ್ಲಿದ್ದವರು ಆಗಲೇ ಇದಕ್ಕೆ ತಕರಾರು ತೆಗೆದಿದ್ದರು, ಯಾಕೆಂದರೆ ಮಗು ಬರುವ ಮನೆಯನ್ನು ಸರಿಯಾಗಿ ಪರಿಶೀಲನೆ ಮಾಡುವುದು ಬೇರೆ, ಒಳ್ಳೆಯ ಭಕ್ತರು ಅಂತ ನಂಬುವುದು ಬೇರೆ. ಹೋಲ್ಟ್ ದಂಪತಿಯ ಪ್ರೀತಿ ಸುಳ್ಳು ಅಂತ ನಾನು ಹೇಳುವುದಿಲ್ಲ. ಆದರೆ ಅವರು ಬಳಸಿದ ‘ಪ್ರಾಕ್ಸಿ ದತ್ತು’ ಪದ್ಧತಿ ಮುಂದಿನ ದಶಕಗಳಿಗೆ ಒಂದು ಅಭ್ಯಾಸ ಹಾಕಿಕೊಟ್ಟಿತು. ದತ್ತು ತೆಗೆದುಕೊಳ್ಳುವವರು ಕೊರಿಯಾಕ್ಕೆ ಬರಬೇಕಿಲ್ಲ, ಮಗುವಿನ ಮುಖ ನೋಡಬೇಕಿಲ್ಲ, ಅವರ ಪರವಾಗಿ ಬೇರೆಯವರು ಕಾಗದಕ್ಕೆ ಸಹಿ ಹಾಕುತ್ತಾರೆ, ಮಗು ವಿಮಾನದಲ್ಲಿ ಬರುತ್ತದೆ. 1961ರಲ್ಲಿ ಅಮೆರಿಕ ಪ್ರಾಕ್ಸಿ ಪದ್ಧತಿಗೆ ತೆರೆ ಎಳೆದರೂ, ಅಪ್ಪ ಅಮ್ಮ ಬರದೆ ಮಗುವೊಂದೇ ಹೊರಡುವುದು ನಿಲ್ಲಲಿಲ್ಲ.

ಕಾಗದದಲ್ಲಿ ಅನಾಥರಾದವರು

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಇಡೀ ವಿಷಯದ ಮೂಲ ಇಲ್ಲಿದೆ.

ಕೊರಿಯಾದಲ್ಲಿ ಆಗ ಪ್ರತಿಯೊಬ್ಬರೂ ಒಂದು ಕುಟುಂಬ ದಾಖಲೆಯಲ್ಲಿ ಇರಬೇಕಿತ್ತು. ಅದಕ್ಕೆ ಹೋಜೊಕ್ ಅನ್ನುತ್ತಾರೆ. ಇಡೀ ಮನೆತನಕ್ಕೆ ಒಂದು ದಾಖಲೆ, ಅದಕ್ಕೊಬ್ಬ ಯಜಮಾನ, ಸಾಮಾನ್ಯವಾಗಿ ಗಂಡಸು. ಮಗುವಿಗೆ ತಂದೆಯ ಕಡೆಯ ದಾಖಲೆಯಲ್ಲಿ ಜಾಗ ಸಿಗದಿದ್ದರೆ ಶಾಲೆ, ಕೆಲಸ, ಮದುವೆ ಎಲ್ಲ ಕಡೆ ಅದು ಎದ್ದು ಕಾಣುತ್ತಿತ್ತು. ಈ ಯಜಮಾನ ಪದ್ಧತಿ ಸಂವಿಧಾನಕ್ಕೆ ಹೊಂದುವುದಿಲ್ಲ ಅಂತ ಅಲ್ಲಿನ ಸಂವಿಧಾನ ನ್ಯಾಯಾಲಯ ಹೇಳಿದ್ದು 2005ರಲ್ಲಿ, ಪೂರ್ತಿ ಹೋಗಿದ್ದು 2008ರಲ್ಲಿ. ಎಷ್ಟು ಈಚೆಗೆ ಅಲ್ವಾ?

ಅಮೆರಿಕದ ವೀಸಾ ನಿಯಮದಲ್ಲಿ ಮಗು ‘ಅನಾಥ’ ಆಗಿರಬೇಕಿತ್ತು. ಆದರೆ ದತ್ತು ಹೋಗುತ್ತಿದ್ದ ಎಷ್ಟೋ ಮಕ್ಕಳಿಗೆ ತಂದೆಯೋ ತಾಯಿಯೋ ಇದ್ದರು, ಕೆಲವರಿಗೆ ಇಬ್ಬರೂ ಇದ್ದರು. ಹಾಗಾಗಿ ಮಕ್ಕಳನ್ನು ದತ್ತು ಕಳಿಸುವ ಸಂಸ್ಥೆಗಳು, ಅಂದರೆ ಏಜೆನ್ಸಿಗಳು, ಮಗುವಿನ ಹೆಸರಿನಲ್ಲಿ ಹೊಸದಾಗಿ ಒಂದು ‘ಅನಾಥ ಹೋಜೊಕ್’ ಮಾಡಿಸುತ್ತಿದ್ದವು. ಅದರಲ್ಲಿ ಆ ಮಗು ಒಂದೇ ಇರುತ್ತದೆ, ತಂದೆ ತಾಯಿ ಕಾಲಮ್ಮಿನಲ್ಲಿ ಏನೂ ಇಲ್ಲ. ಹೆಸರು ಏಜೆನ್ಸಿಯವರು ಇಟ್ಟಿದ್ದು. ‘ಬೀದಿಯಲ್ಲಿ ಸಿಕ್ಕಿತು’ ಅಂತ ಒಂದು ಸಾಲು. ಆಸ್ಪತ್ರೆಯಲ್ಲೇ ಹುಟ್ಟಿದ, ತಾಯಿ ಯಾರು ಅಂತ ಗೊತ್ತಿದ್ದ ಮಗುವಿನ ಫೈಲಿನಲ್ಲೂ ಅದೇ ಸಾಲು.

ಇನ್ನೂ ಕೆಟ್ಟದ್ದು ಇದೆ. ಕಾಗದ ತಯಾರಾಗಿ ವಿದೇಶದಲ್ಲಿ ಅಪ್ಪ ಅಮ್ಮ ಕಾಯುತ್ತಿರುವಾಗ ಮಗು ಸತ್ತುಹೋದರೆ, ಅಥವಾ ಹೆತ್ತವರು ಬಂದು ವಾಪಸು ಕರೆದುಕೊಂಡು ಹೋದರೆ, ಅದೇ ಕಾಗದದ ಮೇಲೆ ಬೇರೆ ಮಗುವನ್ನು ಕಳಿಸಿದ ಪ್ರಕರಣಗಳು ಸಾಬೀತಾಗಿವೆ. ಹೊಸದಾಗಿ ಕಾಗದ ಮಾಡಿಸುವ ತೊಂದರೆ ಬೇಡ ಅಂತ ಹೀಗೆ ಮಾಡಿದ್ದು. ಆ ಮಗು ಬೇರೆಯವರ ಹೆಸರು, ಬೇರೆಯವರ ಹುಟ್ಟಿದ ದಿನ ಹೊತ್ತು ಬೆಳೆಯಿತು. ದೊಡ್ಡವರಾದ ಮೇಲೆ ಕೊರಿಯಾಕ್ಕೆ ಬಂದು, ಫೈಲಿನಲ್ಲಿರುವ ತಾಯಿಯನ್ನು ಹುಡುಕಿ, ಅತ್ತು ಅಪ್ಪಿಕೊಂಡು, ಆಮೇಲೆ ಡಿಎನ್‌ಎ ಪರೀಕ್ಷೆಯಲ್ಲಿ ಇಬ್ಬರಿಗೂ ಸಂಬಂಧವೇ ಇಲ್ಲ ಅಂತ ಗೊತ್ತಾದವರಿದ್ದಾರೆ. ನನಗೆ ಈ ಅಧ್ಯಾಯದಲ್ಲಿ ಅತ್ಯಂತ ಸಂಕಟ ಆಗುವುದು ಇದನ್ನು ಓದುವಾಗ. ಯಾಕೆಂದರೆ ಇದನ್ನು ಸರಿಪಡಿಸಲು ದಾರಿಯೇ ಇಲ್ಲ, ನಿಜವಾದ ಫೈಲು ಯಾವತ್ತೂ ಇರಲೇ ಇಲ್ಲ.

ಹಣ, ಕಾನೂನು, ಮತ್ತು ತಾಯಂದಿರು

ಪಾರ್ಕ್ ಚುಂಗ್ ಹೀ ಅವರ ಸೈನಿಕ ಸರ್ಕಾರ ಬಂದ 1961ರಲ್ಲೇ ಅನಾಥರ ದತ್ತಿಗೆ ವಿಶೇಷ ಕಾನೂನು ಬಂತು. 1976ರ ಇನ್ನೊಂದು ಕಾನೂನು ಕೆಲಸವನ್ನು ಮತ್ತಷ್ಟು ಸಲೀಸು ಮಾಡಿತು. ವಿದೇಶಿ ದತ್ತು ವ್ಯವಹಾರ ನಾಲ್ಕು ಖಾಸಗಿ ಏಜೆನ್ಸಿಗಳ ಕೈಗೆ ಬಂತು, ಮಗುವಿನ ಕಾನೂನು ಪೋಷಕರ ಅಧಿಕಾರವೂ ಏಜೆನ್ಸಿಯ ಮುಖ್ಯಸ್ಥರಿಗೇ ಸಿಗುತ್ತಿತ್ತು. ಇದನ್ನು ಬಿಡಿಸಿ ನೋಡಿ. ಮಗುವಿನ ಪರವಾಗಿ ‘ಹೌದು’ ಅನ್ನುವವರು ಯಾರು? ಏಜೆನ್ಸಿ. ಕಳಿಸಿದರೆ ಶುಲ್ಕ ಯಾರಿಗೆ? ಏಜೆನ್ಸಿಗೆ. ‘ಬೇಡ’ ಅಂತ ಹೇಳುವ ಸ್ಥಾನದಲ್ಲಿ ಒಬ್ಬರೂ ಇರಲಿಲ್ಲ. ಹೊರದೇಶದವರು ಕೊಟ್ಟ ಡಾಲರು ಏಜೆನ್ಸಿಗಳನ್ನು ನಡೆಸಿತು, ಸರ್ಕಾರಕ್ಕೆ ಮಕ್ಕಳ ಕಲ್ಯಾಣದ ಖರ್ಚು ಉಳಿಯಿತು. ಶ್ರೀಮಂತವಾಗುತ್ತಿದ್ದ ದೇಶ ತನ್ನ ಮಕ್ಕಳಿಗೆ ಅಂತ ಖರ್ಚು ಮಾಡಬೇಕಿದ್ದ ಹಣವನ್ನು ಹೊರದೇಶದ ಕುಟುಂಬಗಳು ಕಟ್ಟಿದವು.

ಎಪ್ಪತ್ತರ ದಶಕದಲ್ಲಿ ಉತ್ತರ ಕೊರಿಯಾ ‘ದಕ್ಷಿಣದವರು ಮಕ್ಕಳನ್ನು ಮಾರುತ್ತಿದ್ದಾರೆ’ ಅಂತ ಪ್ರಚಾರ ಮಾಡಿದಾಗ ಪಾರ್ಕ್ ಸರ್ಕಾರಕ್ಕೆ ಮುಜುಗರವಾಗಿ, ಹಂತ ಹಂತವಾಗಿ ನಿಲ್ಲಿಸುತ್ತೇವೆ ಅಂತ ಯೋಜನೆ ಮಾಡಿತ್ತು. ಪಾರ್ಕ್ ನಂತರದ ಸೈನಿಕ ಆಡಳಿತಗಾರ ಚುನ್ ದೂ ಹ್ವಾನ್ ಅಧಿಕಾರಕ್ಕೆ ಬಂದ ಮೇಲೆ ಅದು ಪೂರ್ತಿ ತಿರುಗಿತು. ಜನಸಂಖ್ಯೆ ಕಡಿಮೆ ಮಾಡುವುದು, ಪಶ್ಚಿಮದ ದೇಶಗಳ ಜೊತೆ ಸ್ನೇಹ ಬೆಳೆಸುವುದು, ಎರಡಕ್ಕೂ ದತ್ತು ಒಂದು ಸಾಧನ ಅಂತ ಆ ಸರ್ಕಾರ ಕಂಡಿತು. ಎಂಬತ್ತರ ದಶಕ ಒಂದರಲ್ಲೇ 60 ಸಾವಿರಕ್ಕೂ ಹೆಚ್ಚು ಮಕ್ಕಳು ಹೊರಟರು.

ಆ ಮಕ್ಕಳು ಯಾರು ಅಂದರೆ, ಹೆಚ್ಚಿನವರು ಮದುವೆಯಾಗದ ತಾಯಂದಿರ ಮಕ್ಕಳು. ಹಳ್ಳಿಯಿಂದ ನಗರದ ಕಾರ್ಖಾನೆಗೆ ಬಂದ ಹದಿಹರೆಯದ ಹುಡುಗಿಯರು ಅವರಲ್ಲಿ ತುಂಬಾ ಇದ್ದರು. ಗರ್ಭಿಣಿ ಅಂತ ಗೊತ್ತಾದರೆ ಕೆಲಸ ಹೋಗುತ್ತದೆ, ಊರಿಗೆ ಮುಖ ತೋರಿಸುವಂತಿಲ್ಲ. ಆಗ ಉಳಿಯಲು ಜಾಗ ಕೊಡುತ್ತಿದ್ದದ್ದು ತಾಯಂದಿರ ಆಶ್ರಯಗೃಹ. ಅಂಥ ಎಷ್ಟೋ ಗೃಹಗಳನ್ನು ನಡೆಸುತ್ತಿದ್ದದ್ದು ದತ್ತು ಏಜೆನ್ಸಿಗಳೇ. ಹೆರಿಗೆಗೆ ಮುಂಚೆಯೇ ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿಸಿಕೊಂಡವರಿದ್ದಾರೆ. ಮಗುವನ್ನು ಸಾಕಲು ಸಹಾಯ ಕೇಳಿದರೆ ಕೊಡುವವರಿಲ್ಲ, ಬಿಟ್ಟುಕೊಡುತ್ತೇನೆ ಅಂದರೆ ಎಲ್ಲ ವ್ಯವಸ್ಥೆ ಸಿದ್ಧ. ಇದನ್ನು ಒಪ್ಪಿಗೆ ಅನ್ನಬಹುದಾ? ನನ್ನ ಪ್ರಕಾರ ಅನ್ನಲಾಗದು. ಬೇರೆ ದಾರಿ ಎಲ್ಲ ಮುಚ್ಚಿಟ್ಟು ಹಾಕಿಸಿದ ಸಹಿ ಅದು.

ಒಂದು ಹೋಲಿಕೆ ನಮ್ಮ ದೇಶದಿಂದ, ಇಸವಿ ಹೊಂದುತ್ತದೆ ಅಂತ. ವಿದೇಶಿ ದತ್ತಿನ ಹೆಸರಿನಲ್ಲಿ ಅನ್ಯಾಯ ನಡೆಯುತ್ತಿದೆ ಅಂತ ವಕೀಲ ಲಕ್ಷ್ಮೀಕಾಂತ ಪಾಂಡೆ ಬರೆದ ಪತ್ರವನ್ನೇ ಅರ್ಜಿಯಾಗಿ ತೆಗೆದುಕೊಂಡು ನಮ್ಮ ಸುಪ್ರೀಂ ಕೋರ್ಟ್ ನಿಯಮಗಳನ್ನು ಹಾಕಿಕೊಟ್ಟಿದ್ದು 1984ರಲ್ಲಿ. ಭಾರತದಲ್ಲಿ ಎಲ್ಲ ಸರಿಹೋಯಿತು ಅಂತಲ್ಲ, ಆಮೇಲೂ ಹಗರಣಗಳಾಗಿವೆ. ಆದರೆ ಕೋರ್ಟಿನ ಕಣ್ಣು ಇರಬೇಕು ಅನ್ನುವ ತತ್ವವಾದರೂ ನಿಂತಿತು. ಕೊರಿಯಾದಲ್ಲಿ ಕುಟುಂಬ ನ್ಯಾಯಾಲಯದ ಒಪ್ಪಿಗೆ ಕಡ್ಡಾಯವಾಗಿದ್ದು, ತಾಯಿ ಹೆರಿಗೆಯಾಗಿ 7 ದಿನ ಕಳೆಯದೆ ಒಪ್ಪಿಗೆ ಕೊಡುವಂತಿಲ್ಲ ಅಂತ ಆಗಿದ್ದು 2012ರಲ್ಲಿ. ಆ ತಿದ್ದುಪಡಿಗೆ ಹೋರಾಡಿದವರಲ್ಲಿ ಮುಂದೆ ಇದ್ದವರು ದತ್ತು ಹೋಗಿ ದೊಡ್ಡವರಾಗಿ ಕೊರಿಯಾಕ್ಕೆ ಮರಳಿದವರು, ಅವರ ಜೊತೆಗೆ ಒಂಟಿ ತಾಯಂದಿರ ಸಂಘದವರು. ಸರ್ಕಾರ ಮೇ 11ನ್ನು ‘ದತ್ತು ದಿನ’ ಅಂತ ಆಚರಿಸಿದರೆ, ಇವರು ಅದೇ ದಿನವನ್ನು ‘ಒಂಟಿ ತಾಯಂದಿರ ದಿನ’ ಅಂತ ಆಚರಿಸಿ ಉತ್ತರ ಕೊಟ್ಟರು.

ಹೋದ ದೇಶದಲ್ಲಿ

ಸುಮಾರು 2 ಲಕ್ಷ ಮಕ್ಕಳು ಹೋದರು ಅನ್ನುವುದು ಸಾಮಾನ್ಯವಾಗಿ ಹೇಳುವ ಅಂದಾಜು, ಹೆಚ್ಚಿನವರು ಅಮೆರಿಕಕ್ಕೆ, ಉಳಿದವರು ಫ್ರಾನ್ಸ್, ಸ್ವೀಡನ್, ಡೆನ್ಮಾರ್ಕ್, ನಾರ್ವೆ, ನೆದರ್‌ಲೆಂಡ್ಸ್, ಬೆಲ್ಜಿಯಂ, ಆಸ್ಟ್ರೇಲಿಯಾ ಹೀಗೆ. ಅಮೆರಿಕಕ್ಕೆ ಹೋದವರ ಒಂದು ಸಮಸ್ಯೆ ಮಾತ್ರ ಇಲ್ಲಿ ಹೇಳುತ್ತೇನೆ. ಮಗು ಬಂದ ಮೇಲೆ ಅಲ್ಲಿ ದತ್ತು ಪ್ರಕ್ರಿಯೆ ಮುಗಿಸಿ, ಆಮೇಲೆ ಪೌರತ್ವಕ್ಕೆ ಬೇರೆ ಅರ್ಜಿ ಹಾಕಬೇಕಿತ್ತು. ಎಷ್ಟೋ ಪೋಷಕರು ಹಾಕಲೇ ಇಲ್ಲ. ಕೆಲವರಿಗೆ ಗೊತ್ತಿರಲಿಲ್ಲ, ಕೆಲವರು ಮಗುವನ್ನೇ ಅರ್ಧದಲ್ಲಿ ಕೈಬಿಟ್ಟರು. 2000ದಲ್ಲಿ ಬಂದ ಮಕ್ಕಳ ಪೌರತ್ವ ಕಾನೂನು ಇದನ್ನು ಸರಿಮಾಡಿತು, ಆದರೆ ಅದು ಜಾರಿಯಾದ 2001ರ ಫೆಬ್ರವರಿಯಲ್ಲಿ 18 ತುಂಬಿರದವರಿಗೆ ಮಾತ್ರ. ಅದಕ್ಕಿಂತ ದೊಡ್ಡವರು ಹೊರಗುಳಿದರು. ಮೂರು ವರ್ಷದ ಮಗುವಾಗಿದ್ದಾಗ ಹೋಗಿ, ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ತಿಳಿಯದೆ ಬೆಳೆದವರನ್ನು, ಒಂದು ಅಪರಾಧದಲ್ಲಿ ಸಿಕ್ಕಿಬಿದ್ದರು ಅಂತ ನಲವತ್ತರ ವಯಸ್ಸಿನಲ್ಲಿ ಕೊರಿಯಾಕ್ಕೆ ಗಡೀಪಾರು ಮಾಡಿದ್ದಾರೆ. ಹಾಗೆ ವಾಪಸಾದವರಲ್ಲಿ ಒಬ್ಬರು 2017ರಲ್ಲಿ ಆತ್ಮಹತ್ಯೆ ಮಾಡಿಕೊಂಡರು.

‘ಆದರೆ ತುಂಬಾ ಜನ ಚೆನ್ನಾಗಿ ಬೆಳೆದರಲ್ಲ?’ ಅಂತ ಗೆಳೆಯರು ಕೇಳುತ್ತಾರೆ. ಹೌದು, ಬೆಳೆದಿದ್ದಾರೆ. ಪ್ರೀತಿಯ ಅಪ್ಪ ಅಮ್ಮ ಸಿಕ್ಕಿದ್ದಾರೆ, ಓದಿದ್ದಾರೆ, ಮಂತ್ರಿಗಳಾದವರೂ ಇದ್ದಾರೆ. ಅದನ್ನು ಅವರೇ ಹೇಳುತ್ತಾರೆ, ಹೇಳಿ ಮುಂದಿನ ವಾಕ್ಯದಲ್ಲೇ ‘ನನ್ನ ಕಾಗದದಲ್ಲಿ ಯಾಕೆ ಸುಳ್ಳು ಬರೆದಿರಿ’ ಅಂತ ಕೇಳುತ್ತಾರೆ. ನೀತಿಯ ಪ್ರಶ್ನೆಯನ್ನು ಫಲಿತಾಂಶದಿಂದ ಅಳೆಯಲು ಹೋದರೆ ಇಲ್ಲಿ ಎಡವುತ್ತೇವೆ. ಮಗುವಿನ ಬಾಳು ಚೆನ್ನಾಗಿ ಆಯಿತು ಅನ್ನುವುದು, ಕೆಲವು ಪ್ರಕರಣಗಳಲ್ಲಿ ತಾಯಿಗೆ ‘ಮಗು ಸತ್ತಿತು’ ಅಂತ ಸುಳ್ಳು ಹೇಳಿದ್ದಕ್ಕೆ ಸಮರ್ಥನೆ ಆಗುವುದಿಲ್ಲ. ದತ್ತು ತೆಗೆದುಕೊಂಡವರಿಗೂ ಮೋಸವಾಗಿದೆ, ಅವರು ಅನಾಥ ಮಗುವಿಗೆ ಮನೆ ಕೊಡುತ್ತಿದ್ದೇವೆ ಅಂತಲೇ ನಂಬಿದ್ದರು.

ಸತ್ಯ ಹೊರಬಂದ ಬಗೆ

1988ರ ಸಿಯೋಲ್ ಒಲಿಂಪಿಕ್ಸ್ ಹೊತ್ತಿಗೆ ಅಮೆರಿಕದ ಪತ್ರಿಕೆಗಳು ಕೊರಿಯಾ ಮಕ್ಕಳನ್ನು ರಫ್ತು ಮಾಡುತ್ತಿದೆ ಅಂತ ಬರೆದವು, ಆಮೇಲೆ ಸಂಖ್ಯೆ ಇಳಿಯತೊಡಗಿತು. 1998ರಲ್ಲಿ ಅಧ್ಯಕ್ಷ ಕಿಮ್ ದೇ ಜುಂಗ್ ದತ್ತು ಹೋದವರ ಒಂದು ಗುಂಪನ್ನು ತಮ್ಮ ಅಧಿಕೃತ ನಿವಾಸಕ್ಕೆ ಕರೆದು ಕ್ಷಮೆ ಕೇಳಿದರು. ಆದರೆ ಅದು ಮಕ್ಕಳನ್ನು ಇಟ್ಟುಕೊಳ್ಳಲಾಗಲಿಲ್ಲ ಅನ್ನುವುದಕ್ಕೆ ಕೇಳಿದ ಕ್ಷಮೆ. ದಾಖಲೆ ತಿದ್ದಿದ್ದರ ಮಾತು ಆಗ ಬರಲಿಲ್ಲ.

ಆ ಮಾತು ಬಂದಿದ್ದು ಡೆನ್ಮಾರ್ಕಿಗೆ ಹೋದವರಿಂದ. 2022ರಲ್ಲಿ ಅವರ ಗುಂಪು ಹಿಂದಿನ ಕಾಲದ ಮಾನವ ಹಕ್ಕು ಉಲ್ಲಂಘನೆಗಳನ್ನು ತನಿಖೆ ಮಾಡುತ್ತಿದ್ದ ಕೊರಿಯಾದ ಸತ್ಯ ಮತ್ತು ಸಂಧಾನ ಆಯೋಗಕ್ಕೆ ದೂರು ಕೊಟ್ಟಿತು. ನೋಡನೋಡುತ್ತಾ ಬೇರೆ ದೇಶದವರೂ ಸೇರಿಕೊಂಡು 11 ದೇಶಗಳಿಂದ 367 ಅರ್ಜಿಗಳಾದವು. 2025ರ ಮಾರ್ಚ್‌ನಲ್ಲಿ ಆಯೋಗ ಮೊದಲ ಸುತ್ತಿನಲ್ಲಿ ನೋಡಿದ ಪ್ರಕರಣಗಳಲ್ಲಿ 56 ಜನರ ಮಾನವ ಹಕ್ಕು ಉಲ್ಲಂಘನೆಯಾಗಿದೆ ಅಂತ ಒಪ್ಪಿತು. ಸುಳ್ಳು ಅನಾಥ ದಾಖಲೆ, ಗುರುತು ಬದಲಾಯಿಸಿದ್ದು, ಹೆತ್ತವರ ಸರಿಯಾದ ಒಪ್ಪಿಗೆ ಇಲ್ಲದಿದ್ದು, ದತ್ತು ಪೋಷಕರನ್ನು ಪರಿಶೀಲಿಸದಿದ್ದು, ಇವೆಲ್ಲದಕ್ಕೂ ಸರ್ಕಾರವೇ ಹೊಣೆ ಅಂತ ಹೇಳಿ, ಕ್ಷಮೆ ಕೇಳಬೇಕು ಅಂತ ಶಿಫಾರಸು ಮಾಡಿತು. ಉಳಿದ ಎಷ್ಟೋ ಅರ್ಜಿಗಳಿಗೆ ದಾಖಲೆ ಸಾಲದು ಅನ್ನುವ ಅಡ್ಡಿ ಬಂತು. ದಾಖಲೆ ಅಳಿಸಿದ್ದೇ ದೂರು, ದಾಖಲೆ ಇಲ್ಲ ಅಂತ ಅದೇ ದೂರು ನಿಂತುಹೋದರೆ ನೊಂದವರು ಎಲ್ಲಿಗೆ ಹೋಗಬೇಕು? ಅದೇ ವರ್ಷದ ಜುಲೈನಲ್ಲಿ ದತ್ತು ಪ್ರಕ್ರಿಯೆ ಖಾಸಗಿ ಏಜೆನ್ಸಿಗಳಿಂದ ಸರ್ಕಾರದ ಕೈಗೆ ಬಂತು. ಅಕ್ಟೋಬರ್‌ನಲ್ಲಿ, ದೇಶದಿಂದ ದೇಶಕ್ಕೆ ಹೋಗುವ ದತ್ತಿಗೆ ನಿಯಮ ಹಾಕುವ ಹೇಗ್ ದತ್ತು ಒಪ್ಪಂದ ಕೊರಿಯಾದಲ್ಲಿ ಜಾರಿಯಾಯಿತು, ಅಧ್ಯಕ್ಷ ಲೀ ಜೇ ಮ್ಯುಂಗ್ ದೇಶದ ಪರವಾಗಿ ಕ್ಷಮೆ ಕೇಳಿದರು. ಮಕ್ಕಳನ್ನು ಬರಮಾಡಿಕೊಂಡ ದೇಶಗಳೂ ಈಗ ತಮ್ಮ ಪಾತ್ರ ಹುಡುಕುತ್ತಿವೆ. ನೆದರ್‌ಲೆಂಡ್ಸ್ 2021ರಲ್ಲೇ ವಿದೇಶಿ ದತ್ತು ತಡೆಹಿಡಿದಿತ್ತು, ಡೆನ್ಮಾರ್ಕಿನ ಏಕೈಕ ಏಜೆನ್ಸಿ 2024ರಲ್ಲಿ ಆ ಕೆಲಸ ನಿಲ್ಲಿಸಿತು.

ಇನ್ನೂ ಬಗೆಹರಿಯದ ಜಗಳ ಒಂದಿದೆ. ದೊಡ್ಡವರಾದ ಮಕ್ಕಳು ತಮ್ಮ ಫೈಲು ಕೇಳಿದರೆ, ಹೆತ್ತವರು ಒಪ್ಪದೆ ಅವರ ಗುರುತು ಕೊಡುವಂತಿಲ್ಲ ಅನ್ನುವುದು ಅಲ್ಲಿನ ನಿಯಮ. ಎಷ್ಟೋ ವರ್ಷ ಗುಟ್ಟಾಗಿಟ್ಟುಕೊಂಡು ಬೇರೆ ಸಂಸಾರ ಮಾಡಿಕೊಂಡಿರುವ ತಾಯಿಗೆ ಒಂದು ಪತ್ರ ಬಂದರೂ ಬಾಳು ಅಲ್ಲಾಡಬಹುದು, ಅದು ನಿಜವಾದ ಭಯ. ಆದರೆ ಆ ಪತ್ರ ಅವಳಿಗೆ ತಲುಪಿತೋ ಇಲ್ಲವೋ ಅನ್ನುವುದೂ ಹುಡುಕುವವರಿಗೆ ಎಷ್ಟೋ ಸಲ ತಿಳಿಯುವುದಿಲ್ಲ. 2024ರ ಜುಲೈನಲ್ಲಿ ಬಂದ ‘ರಕ್ಷಿತ ಹೆರಿಗೆ’ ಕಾನೂನು ಇದೇ ಜಗಳವನ್ನು ಹೊಸ ತಲೆಮಾರಿಗೆ ತಂದಿದೆ. ಹೆಸರು ಹೇಳದೆ ಆಸ್ಪತ್ರೆಯಲ್ಲಿ ಹೆರಬಹುದು, ದಾಖಲೆ ಸರ್ಕಾರದಲ್ಲಿ ಭದ್ರವಾಗಿರುತ್ತದೆ, ಮಗು ದೊಡ್ಡದಾಗಿ ಕೇಳಿದಾಗ ತಾಯಿ ಒಪ್ಪಿದರೆ ಮಾತ್ರ ಹೆಸರು ಸಿಗುತ್ತದೆ. ಹುಟ್ಟಿ ನೋಂದಣಿಯೇ ಆಗದೆ ಉಳಿದ ಎರಡು ಸಾವಿರಕ್ಕೂ ಹೆಚ್ಚು ಮಕ್ಕಳ ವಿಷಯ 2023ರಲ್ಲಿ ಹೊರಬಂದ ಮೇಲೆ ತಂದ ಕಾನೂನು ಇದು, ಜೀವ ಉಳಿಸುವ ಉದ್ದೇಶ ಸರಿಯಾದದ್ದೇ. ಒಂಟಿ ತಾಯಂದಿರ ಸಂಘದವರು ಮಾತ್ರ ಇದನ್ನು ಒಪ್ಪಲಿಲ್ಲ. ಬಾಡಿಗೆ ಮನೆ, ಮಗುವನ್ನು ನೋಡಿಕೊಳ್ಳುವ ವ್ಯವಸ್ಥೆ, ತಂದೆಯಿಂದ ಜೀವನಾಂಶ, ಇವನ್ನು ಮೊದಲು ಕೊಡಿ, ಹೆಸರು ಮುಚ್ಚಿಡುವ ಮಾತು ಆಮೇಲೆ ಅನ್ನುವುದು ಅವರ ವಾದ. ನಾನು ಅವರ ಕಡೆ.