ರಿಪೇರಿ ಸರಿ ಐತ್ರಿ, ಟಿವಿ ಬ್ಯಾರೆ ಆಗೈತಿ

ಹುಬ್ಬಳ್ಳಿ ದುರ್ಗದಬೈಲ್ ಹತ್ರ ನಮ್ದೊಂದು ಸಣ್ಣ ರಿಪೇರಿ ಅಂಗಡಿ ಐತಿ. ಈಗೀಗ ಹಳೇ ಟಿವಿ ಗೇಮ್ ರಿಪೇರಿಗೆ ಬರಾಕ ಹತ್ತ್ಯಾವ, ತರೋರೆಲ್ಲ ನಲವತ್ತರ ಆಸುಪಾಸಿನವ್ರು. ಹೋದ ವಾರ ಒಬ್ರು ಅಟ್ಟದ ಮ್ಯಾಲಿಂದ ಇಳಿಸಿದ ಡಬ್ಬಿ ತಂದಿದ್ರು. ಕ್ಯಾಸೆಟ್ಟಿನ ಪಿನ್ನಿಗೆ ಸ್ಪಿರಿಟ್ ಹಚ್ಚಿ ಒರೆಸಿ ಹಾಕಿದೆ (ಬಾಯಿಲೆ ಊದಬ್ಯಾಡ್ರೀಪಾ, ಉಗುಳಿನ ಪಸಿಗೆ ಪಿನ್ ಹಾಳಾಗ್ತಾವ, ಆಗ ಚಾಲೂ ಆಗ್ತಿದ್ದದ್ದು ತೆಗದು ಮತ್ತ ಹಾಕಿದ್ದಕ್ಕ), ಎಲ್ಇಡಿ ಟಿವಿಯೊಳಗ ಕಾಂಟ್ರಾ ಅನ್ನೋ ಗುಂಡು ಹಾರಿಸೋ ಗೇಮ್ ಬಂತು. ಸಾಹೇಬ್ರು ಎರಡ ನಿಮಿಷ ಆಡಿ, "ಏನ್ರೀ ಇದು, ನಾ ಒತ್ತಿದ ಮ್ಯಾಲೆ ಯೋಚನಿ ಮಾಡಿ ಹಾರ್ತಾನಲ್ಲ, ರಿಪೇರಿ ಸರಿ ಆಗಿಲ್ಲ" ಅಂದ್ರು.

ರಿಪೇರಿ ಸರಿ ಇತ್ತು. 1983ರಾಗ ನಿಂಟೆಂಡೊ ತಂದ ಫ್ಯಾಮಿಕಾಮ್ ಅಂತ ಮಶೀನ್ ಐತಲ್ಲ, ನಮ್ಮ ಕಡೆ ಮಾರಿದ್ದು ಹೆಚ್ಚಾಗಿ ಅದರ ನಕಲು. ಅದು ಸೆಕೆಂಡಿಗೆ 50-60 ಚಿತ್ರ ಕಳಸ್ತೈತಿ. ಡಬ್ಬಾ ಟಿವಿ ಸಿಗ್ನಲ್ ಬಂದಂಗ ಬಂದಂಗ ಗೀಟು ಗೀಟಾಗಿ ತೋರಸ್ತಿತ್ತು, ತಡೆಯೋ ಮಾತ ಇಲ್ಲ. ಎಲ್ಇಡಿ ಟಿವಿ ಹಂಗಲ್ಲ, ಇಡೀ ಚಿತ್ರ ತಗೊಂಡು, ಹಿಗ್ಗಿಸಿ, ನುಣ್ಣಗ ಮಾಡಿ ಆಮ್ಯಾಲೆ ತೋರಸ್ತೈತಿ, ಅಷ್ಟರಾಗ ಐದಾರು ಚಿತ್ರದಷ್ಟು ತಡ ಆಗಬಹುದು, ಕಾಂಟ್ರಾದಾಗ ಒಂದ ಗುಂಡಿಗೆ ಸಾಯ್ತೀರಿ, ಸಾಯಾಕ ಅಷ್ಟ ತಡ ಸಾಕು. ಟಿವಿ ಸೆಟ್ಟಿಂಗ್ಸಿನಾಗ ಗೇಮ್ ಮೋಡ್ ಹಾಕಿದ್ರ ಸುಧಾರಿಸ್ತೈತಿ, ಪೂರಾ ಹೋಗಂಗಿಲ್ಲ. ಬಾತುಕೋಳಿ ಹೊಡಿಯೋ ಗೇಮಿನ ಬಂದೂಕಂತೂ ನಡಿಯಂಗ ಇಲ್ಲ. ಟ್ರಿಗರ್ ಎಳದ ಕೂಡ್ಲೆ ಪರದೆ ಕ್ಷಣಮಾತ್ರ ಕಪ್ಪಾಗಿ, ಕೋಳಿ ಇದ್ದಲ್ಲಿ ಬಿಳೇ ಚೌಕ ಬರ್ತಿತ್ತು, ಬಂದೂಕಿನೊಳಗಿನ ಕಣ್ಣು ಆ ಬೆಳಕ ಹಿಡೀತಿತ್ತು. ಹೊಸ ಟಿವಿಯೊಳಗ ಬೆಳಕು ತಡವಾಗಿ ಬರ್ತೈತಿ, ಬಂದೂಕು ಕಾಯಂಗಿಲ್ಲ.

ಜನ ಇದನ್ನ ಬರೇ ಬಾಲ್ಯದ ನೆನಪು ಅಂತಾರ, ನಾ ಒಪ್ಪಂಗಿಲ್ಲ. ನೆನಪು ಬೆರಳಿನಾಗೂ ಇರ್ತೈತಿ. ಹಳೇ ಗೇಮ್ ಹೊಸದಾಗಿ ಮಾಡೋ ಕಂಪನಿಗಳಿಗೂ ತ್ರಾಸು ಇದ. ಸ್ಯಾನ್ ಆಂಡ್ರಿಯಾಸ್ ಅಂತ ಇಡೀ ರಾಜ್ಯದಾಗ ಅಡ್ಡಾಡೋ ಗೇಮ್ 2004ರದ್ದು, ಆಗಿನ ಪಿಎಸ್2 ಅನ್ನೋ ಸೋನಿ ಗೇಮ್ ಮಶೀನಿನಾಗ ಇದ್ದದ್ದ 32 ಎಂಬಿ ಮೆಮೊರಿ, ಅದಕ್ಕ ದೂರದ್ದೆಲ್ಲ ಮಬ್ಬಿನಾಗ ಮುಚ್ಚಿದ್ರು. 2021ರ ಹೊಸ ಆವೃತ್ತಿಯೊಳಗ ಮಬ್ಬು ತೆಗದ್ರು, ನೃಪತುಂಗ ಬೆಟ್ಟದ ಮ್ಯಾಲಿಂದ ಹುಬ್ಬಳ್ಳಿ ಕಂಡಂಗ ಈ ತುದಿಯಿಂದ ಆ ತುದಿ ಕಂಡುಬಿಡ್ತು, ಇಡೀ ರಾಜ್ಯ ಅನ್ಕೊಂಡಿದ್ದು ಇಷ್ಟನಾ ಅಂತ ಆಡೋರು ಬೈದ್ರು. ಆಮ್ಯಾಲೆ ಅಪ್‌ಡೇಟಿನಾಗ ಮಬ್ಬು ವಾಪಸ್ ತಂದ್ರು. ಅದೇ ರೆಸಿಡೆಂಟ್ ಈವಿಲ್ 2 ಅನ್ನೋ ಹೆದರಿಸೋ ಗೇಮ್ ನೋಡ್ರಿ, 1998ರಾಗ ಕ್ಯಾಮೆರಾ ಮೂಲ್ಯಾಗ ಸಿಸಿಟಿವಿ ಇದ್ದಂಗ ನಿಂತಿತ್ತು, 2019ರಾಗ ಹೆಗಲ ಹಿಂದ ತಂದಿಟ್ರು, ಎಲ್ಲಾ ಬದಲಿ ಆತು, ಆದ್ರ ಗುಂಡು ಎಣಿಸಿಕೊಂಡು ಬಾಗಿಲ ತೆಗಿಯೋ ಹೆದರಿಕಿ ಹಂಗ ಉಳೀತು. ನನ್ನ ಲೆಕ್ಕದಾಗ ರೀಮೇಕ್ ಅಂದ್ರ ಅದು.

ಸಾಹೇಬ್ರಿಗೆ ಇಷ್ಟೆಲ್ಲ ಹೇಳಾಕ ಹೋಗ್ಲಿಲ್ಲ. ಮೂಲ್ಯಾಗ ಧೂಳ ತಿನ್ನಾಕತ್ತಿದ್ದ 21 ಇಂಚಿನ ಡಬ್ಬಾ ಟಿವಿಗೆ ವೈರ್ ಹಚ್ಚಿದೆ. ಮೊದಲ್ನೇ ಲೆವೆಲ್ ಒಂದ ಜೀವದಾಗ ಮುಗಿಸಿ, "ಟಿವಿ ಎಷ್ಟಕ್ಕ ಕೊಡ್ತೀರಿ?" ಅಂದ್ರು. ಕೊಡ್ಲಿಲ್ಲ, ನನಗ ಟೆಸ್ಟಿಂಗಿಗೆ ಇರೋ ಡಬ್ಬಾ ಟಿವಿ ಅದೊಂದ.